ಖರೀದಿ ಕಾಗದಗಳಿಗೆ ಕಂಪ್ಯೂಟರಿನಲ್ಲಿ ಅಪ್ರೂವಲ್ ಕೂಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳು, ಮುಧೋಳ–ಜಮಖಂಡಿ ಸೀಮೆಯ ಸಕ್ಕರೆ ಕಾರ್ಖಾನೆಗಳು, ವಿಜಯಪುರದ ಒಣದ್ರಾಕ್ಷಿ ಘಟಕಗಳು. ಖರೀದಿ ವಿಭಾಗಕ್ಕೆ ಸಾಫ್ಟ್‌ವೇರ್ ಕೂಡಿಸಲು ಹೋದಲ್ಲೆಲ್ಲ ನನ್ನ ಎದುರಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸ್ಟೋರ್ಸಿನವರು ಒಂದು ರೀತಿ ಕೇಳುತ್ತಾರೆ, ಅಕೌಂಟ್ಸಿನವರು ಇನ್ನೊಂದು ರೀತಿ, ಮಾಲಕರು ಮತ್ತೊಂದು ರೀತಿ. ಅವರವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟು, ಕೆಲಸ ಮಾಡುತ್ತ ನನಗೆ ತಿಳಿದದ್ದನ್ನು ಬರೆದಿದ್ದೇನೆ.

ಮಾಲಕರು ವಾಟ್ಸಾಪಿನಾಗ ‘ಓಕೆ’ ಅಂತ ಹಾಕ್ತಾರ. ಅಷ್ಟ ಸಾಲೂದಿಲ್ಲೇನ್ರೀ?

ಹತ್ತು ಜನರ ಸಣ್ಣ ವರ್ಕ್‌ಶಾಪ್ ಆಗಿದ್ದು, ಮಾಲಕರು ದಿನವೂ ಮಷೀನಿನ ಹತ್ತಿರವೇ ನಿಲ್ಲುವವರಾದರೆ ಸಾಕು. ಅಲ್ಲಿಗೆ ದೊಡ್ಡ ವ್ಯವಸ್ಥೆ ಬೇಡ. ಅದಕ್ಕಿಂತ ದೊಡ್ಡದಾದರೆ ಸಾಲುವುದಿಲ್ಲ. ಮೂರು ಕೊಟೇಶನ್ನಿನ ಫೋಟೋ ಕಳಿಸಿರುತ್ತೀರಿ, ಕೆಳಗೆ ಒಂದು ‘ಓಕೆ’ ಬರುತ್ತದೆ. ಅದು ಯಾವುದಕ್ಕೆ? ದರಕ್ಕೋ, ಮಾಲು ಕೊಡುವ ಪಾರ್ಟಿಗೋ, ‘ನೋಡಿದೆ’ ಎನ್ನುವುದಕ್ಕೋ? ಎರಡು ತಿಂಗಳ ಮೇಲೆ ಬಿಲ್ಲಿನಲ್ಲಿ ದರ ಬೇರೆ ಬಂದಾಗ ಹುಡುಕಲು ಕೂತರೆ ಫೋನ್ ಬದಲಾಗಿರುತ್ತದೆ, ಮೆಸೇಜ್ ಹೋಗಿರುತ್ತದೆ.

ಅಪ್ರೂವಲ್ ವರ್ಕ್‌ಫ್ಲೋ ಮಾಡುವುದು ಇಷ್ಟೇ: ಯಾರು ಮಂಜೂರು ಮಾಡಬೇಕೋ ಅವರು ಮಾಡುವವರೆಗೆ ಆ ಕಾಗದ ಮುಂದಕ್ಕೆ ಹೋಗದಂತೆ ಕೀಲಿ ಹಾಕಿರುತ್ತದೆ. ಮಾಡಿದ ಮೇಲೆ ಯಾರು, ಯಾವಾಗ, ಎಷ್ಟು ಮೊತ್ತ ಇದ್ದಾಗ ಮಾಡಿದರು ಎಂಬುದನ್ನು ಆ ಕಾಗದಕ್ಕೇ ಅಂಟಿಸಿಡುತ್ತದೆ. ಹಿಂದೆ ಸಿಪಾಯಿ ಕಂಕುಳಲ್ಲಿ ಫೈಲ್ ಇಟ್ಟುಕೊಂಡು ಕ್ಯಾಬಿನ್ನಿನಿಂದ ಕ್ಯಾಬಿನ್ನಿಗೆ ತಿರುಗುತ್ತಿದ್ದನಲ್ಲ, ಅದೇ ಕೆಲಸ.

ಇಂಡೆಂಟಿಗೆ ಅಪ್ರೂವಲ್ ಹಾಕೋದೋ, ಪಿಒಗೋ, ಬಿಲ್ಲಿಗೋ? ಮೂರಕ್ಕೂ ಹಾಕಿದರ ನಡೀತೈತೇನು?

ನಡೆಯುತ್ತದೆ. ಆದರೆ ಮೂರೂ ಕಡೆ ಅದೇ ಮನುಷ್ಯ ಅದೇ ಪ್ರಶ್ನೆಗೆ ಸಹಿ ಮಾಡುವಂತಾದರೆ ಎರಡು ಸಹಿ ದಂಡ. ಒಂದೊಂದು ಕಾಗದ ಒಂದೊಂದು ಪ್ರಶ್ನೆ ಕೇಳುತ್ತದೆ. ಇಂಡೆಂಟ್, ಅಂದರೆ ಮಾಲು ಬೇಕೆಂದು ಬರೆಯುವ ಬೇಡಿಕೆ ಕಾಗದ, ಕೇಳುವುದು: ಈ ಮಾಲು ನಿಜವಾಗಿ ಬೇಕೇ, ಇಷ್ಟು ಬೇಕೇ, ಈಗಲೇ ಬೇಕೇ? ಪಿಒ, ಅಂದರೆ ಪಾರ್ಟಿಗೆ ಕೊಡುವ ಪರ್ಚೇಸ್ ಆರ್ಡರ್, ಕೇಳುವುದು: ಯಾರಿಂದ, ಯಾವ ದರಕ್ಕೆ, ಯಾವ ಕರಾರಿನ ಮೇಲೆ? ಬಿಲ್ ಕೇಳುವುದು: ಹೇಳಿದ್ದೇ ಬಂತೇ, ಹೇಳಿದ ದರವೇ ಹಾಕಿದ್ದಾರೆಯೇ?

ಬಹಳ ಕಡೆ ಇಂಡೆಂಟನ್ನು ಕಣ್ಣುಮುಚ್ಚಿ ಬಿಟ್ಟು ಭಾರವೆಲ್ಲ ಪಿಒ ಮೇಲೆ ಹಾಕುತ್ತಾರೆ. ಇದು ತಿರುಗುಮುರುಗು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಪಿಒ ಮಾಲಕರ ಮುಂದೆ ಬರುವ ಹೊತ್ತಿಗೆ ಕೊಟೇಶನ್ ತರಿಸಿ, ಪಾರ್ಟಿ ಜೊತೆ ಚೌಕಾಸಿ ಮಾಡಿ, ದರ ಇಳಿಸಿ ಆಗಿರುತ್ತದೆ. ಅಷ್ಟು ಕೆಲಸ ನಡೆದ ಮೇಲೆ ‘ಇದು ಬೇಕೇ ಇರಲಿಲ್ಲ’ ಎಂದು ಹೇಳುವವರು ಕಡಿಮೆ.

ಒಂದು ಫೌಂಡ್ರಿಯ ಸ್ಟೋರ್ಸಿನಲ್ಲಿ ನಾನೇ ಎಣಿಸಿದ್ದೇನೆ. 6312 ನಂಬರಿನ ಬೇರಿಂಗು, ಎಣ್ಣೆ ಕಾಗದ ಸುತ್ತಿದ ಡಬ್ಬಿಗಳು, ಮೇಲಿನ ರ‍್ಯಾಕಿನಲ್ಲಿ ಹತ್ತೊಂಬತ್ತು. ಕೆಳಗೆ ಮೇಜಿನ ಮೇಲೆ ಅದೇ ನಂಬರಿನ ಹನ್ನೆರಡು ಬೇರಿಂಗಿನ ಹೊಸ ಪಾರ್ಸಲ್, ಟೇಪು ಕೂಡ ಬಿಚ್ಚಿರಲಿಲ್ಲ. ಆ ಪಿಒ ಮೇಲೆ ಮೂವರ ಸಹಿ ಇತ್ತು. ಮೂವರೂ ದರ ನೋಡಿದ್ದರು, ದರ ಚೆನ್ನಾಗಿಯೇ ಇತ್ತು. ಮೇಲಿನ ರ‍್ಯಾಕಿನಲ್ಲಿ ಏನಿದೆ ಎಂಬುದು ಮಾತ್ರ ಯಾರ ಪರದೆಯ ಮೇಲೂ ಇರಲಿಲ್ಲ.

ಆದ್ದರಿಂದ ಇಂಡೆಂಟ್ ಮಂಜೂರು ಮಾಡುವವರ ಪರದೆಯಲ್ಲಿ ನಾಲ್ಕು ಸಂಗತಿ ಕಾಣಲೇಬೇಕು: ಈಗಿನ ಸ್ಟಾಕ್, ಈಗಾಗಲೇ ಪಿಒ ಹೋಗಿ ಬರಬೇಕಾದ ಮಾಲು, ಕೊನೆಯ ಬಾರಿ ತರಿಸಿದ ತಾರೀಖು, ಆಗಿನ ದರ. ಈ ನಾಲ್ಕು ಇಲ್ಲದೆ ಹಾಕಿದ ಅಪ್ರೂವಲ್ ಬಟನ್ ಮೇಲೆ ನನಗೆ ನಂಬಿಕೆ ಇಲ್ಲ.

ನಮ್ಮಲ್ಲಿ ಫೈಲ್ ಮೇಲೆ ಆರು ಸಹಿ ಇರ್ತಿದ್ವು. ಆರೂ ಹಂತ ಕಂಪ್ಯೂಟರಿಗೆ ಹಾಕಬೇಕಾ?

ಬೇಡ. ದಿನದ ಖರೀದಿಗೆ ಎರಡು, ದೊಡ್ಡ ಮೊತ್ತಕ್ಕೆ ಮೂರು. ಅದಕ್ಕಿಂತ ಹೆಚ್ಚು ಹಂತ ಇಟ್ಟ ಕಡೆ ಕೆಳಗಿನವರು ‘ಮೇಲಿನವರು ನೋಡ್ತಾರೆ’ ಎಂದೂ, ಮೇಲಿನವರು ‘ಕೆಳಗಿನವರು ನೋಡ್ಯಾರಲ್ಲ’ ಎಂದೂ ಬಟನ್ ಒತ್ತುತ್ತಾರೆ. ಕೊನೆಗೆ ಯಾರೂ ಓದಿರುವುದಿಲ್ಲ.

ಆರೂ ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿ: ನೀವು ಈ ಕಾಗದವನ್ನು ಯಾವ ಕಾರಣಕ್ಕೆ ವಾಪಸ್ ಕಳಿಸಬಲ್ಲಿರಿ? ಕೊನೆಯ ಬಾರಿ ವಾಪಸ್ ಕಳಿಸಿದ್ದು ಯಾವಾಗ? ಇದಕ್ಕೆ ಉತ್ತರ ಬರದಿದ್ದರೆ ಅವರಿಗೆ ಬೇಕಾದದ್ದು ಮಾಹಿತಿ. ಪಿಒ ಹೊರಟಾಗ ಅವರಿಗೊಂದು ಇಮೇಲ್ ಹೋಗುವಂತೆ ಮಾಡಿ. ಇದರಿಂದ ಕೆಲವರಿಗೆ ಮನಸ್ಸಿಗೆ ನೋವಾಗುವುದೂ ಉಂಟು. ಇಪ್ಪತ್ತು ವರ್ಷ ಸಹಿ ಮಾಡಿದ ಹಿರಿಯರಿಗೆ ‘ನಿಮ್ಮ ಸಹಿ ಬೇಡ’ ಎಂದು ಕಂಪ್ಯೂಟರಿನವನು ಹೇಳಬಾರದು. ಆ ಮಾತನ್ನು ಮಾಲಕರೇ ಕೂತು, ಚಹಾ ಕುಡಿಸಿ ಹೇಳಬೇಕು.

ಮೊತ್ತದ ಮಿತಿ ಎಷ್ಟು ಇಡಬೇಕು? ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ?

ಬೇರೆ ಕಾರ್ಖಾನೆಯ ಮಿತಿಯನ್ನು ನಕಲು ಮಾಡಬೇಡಿ. ಹೋದ ವರ್ಷದ ನಿಮ್ಮ ಪಿಒಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿ, ಮೊತ್ತದ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ. ಪಿಗ್ ಐರನ್, ಸ್ಕ್ರ್ಯಾಪ್, ಫೆರೋ ಸಿಲಿಕಾನ್, ರೆಸಿನ್ ಎಲ್ಲ ಮೇಲೆ ಕೂರುತ್ತವೆ. ಕೈಗವಸು, ಕಟಿಂಗ್ ವೀಲ್, ನಟ್ಟು ಬೋಲ್ಟು ಕೆಳಗೆ ಉದ್ದಕ್ಕೆ ಸಾಲುಗಟ್ಟುತ್ತವೆ. ಮಾಲಕರು ದಿನಕ್ಕೆ ನಾಲ್ಕೈದು ಪಿಒ ತೆರೆದು ನಿಜವಾಗಿ ಓದಬಲ್ಲರು ಎಂದುಕೊಂಡು, ಅಷ್ಟೇ ಅವರ ತನಕ ಹೋಗುವಂತೆ ಗೆರೆ ಎಳೆಯಿರಿ.

ಜಿಎಸ್‌ಟಿ ಮಾತು ಸಣ್ಣದಲ್ಲ. ಪರ್ಚೇಸ್ ಮ್ಯಾನೇಜರ್ ಮಿತಿ 1 ಲಕ್ಷ ಎಂದಿಟ್ಟುಕೊಳ್ಳಿ. 80,000 ರೂಪಾಯಿ ಮೂಲಬೆಲೆಯ ಸಿಮೆಂಟ್ ತರಿಸಿದರೆ, ಸಿಮೆಂಟಿಗೆ 28% ಇದ್ದಾಗ ಒಟ್ಟು 1,02,400 ಆಗಿ ಮೇಲಿನವರಿಗೆ ಹೋಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18%ಕ್ಕೆ ಇಳಿಯಿತು. ಈಗ ಅದೇ ಆರ್ಡರ್ 94,400 ಆಗಿ ಮ್ಯಾನೇಜರ್ ಹತ್ತಿರವೇ ಮುಗಿಯುತ್ತದೆ. ತೆರಿಗೆ ಬದಲಾದರೆ ಸಹಿ ಮಾಡುವವರೂ ಬದಲಾಗಬಾರದು. ಅದಕ್ಕೇ ನಾನು ತೆರಿಗೆ ಬಿಟ್ಟ ಮೊತ್ತವನ್ನೇ ಹಿಡಿಯಲು ಹೇಳುವುದು. ಆದರೆ ಸಾಗಾಟ, ಪ್ಯಾಕಿಂಗ್, ಹಮಾಲಿ ಸೇರಿಸಿ. ದರ ಕಡಿಮೆ ತೋರಿಸಿ ಬಾಡಿಗೆಯಲ್ಲಿ ಎಳೆಯುವ ಪಾರ್ಟಿಗಳು ಇದ್ದಾರೆ.

ಇಆರ್‌ಪಿನೆಕ್ಸ್ಟ್‌ನಲ್ಲಿ ಇದನ್ನು ಹೇಗೆ ಕೂಡಿಸೋದು?

ನಮ್ಮ ಕಡೆಯ ಮಧ್ಯಮ ಗಾತ್ರದ ಘಟಕಗಳಿಗೆ ಖರೀದಿ, ಸ್ಟೋರ್ಸ್, ಲೆಕ್ಕ ಎಲ್ಲ ನಡೆಸಲು ನಾನು ಹೆಚ್ಚಾಗಿ ಕೂಡಿಸುವುದು ಈ ಸಾಫ್ಟ್‌ವೇರನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ವರ್ಕ್‌ಫ್ಲೋ’ ಪುಟ ತೆರೆದು ಡಾಕ್ಯುಮೆಂಟ್ ಟೈಪ್‌ನಲ್ಲಿ ಪರ್ಚೇಸ್ ಆರ್ಡರ್ ಆರಿಸಿ. ಇಂಡೆಂಟಿಗಾದರೆ ಮೆಟೀರಿಯಲ್ ರಿಕ್ವೆಸ್ಟ್. ಕೆಳಗೆ ಎರಡು ಕೋಷ್ಟಕಗಳಿವೆ. ಮೊದಲನೆಯದು ಕಾಗದ ಯಾವ ಯಾವ ಸ್ಥಿತಿಯಲ್ಲಿ ಇರಬಹುದು ಎಂಬುದು: ಕರಡು, ಪ್ಲಾಂಟ್ ಹೆಡ್ ಹತ್ತಿರ, ಮಾಲಕರ ಹತ್ತಿರ, ಮಂಜೂರು, ವಾಪಸ್. ಈ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಎರಡನೆಯದು ಯಾವ ಸ್ಥಿತಿಯಿಂದ ಯಾವುದಕ್ಕೆ, ಯಾವ ರೋಲ್‌ನವರು, ಯಾವ ಷರತ್ತಿನ ಮೇಲೆ ದಾಟಿಸಬಹುದು ಎಂಬುದು. ರೋಲ್ ಎಂದರೆ ಸಾಫ್ಟ್‌ವೇರಿನಲ್ಲಿ ಒಬ್ಬರಿಗೆ ಕೊಟ್ಟ ಹುದ್ದೆ. ಇದು ಚಾಲೂ ಆದರೆ ಪಿಒ ಮೇಲಿನ ಸಬ್ಮಿಟ್ ಬಟನ್ ಹೋಗಿ ಅಲ್ಲಿ ‘ಆಕ್ಷನ್ಸ್’ ಬರುತ್ತದೆ.

ಜನ ಎಡವುವುದು ನಾಲ್ಕು ಕಡೆ. ಮೊದಲನೆಯದು ಡಾಕ್ ಸ್ಟೇಟಸ್. ಇದು 0 ಇದ್ದರೆ ಕರಡು, 1 ಸಲ್ಲಿಸಿದ್ದು, 2 ರದ್ದಾದದ್ದು. ಮಧ್ಯದ ಎಲ್ಲ ಸ್ಥಿತಿಗಳೂ 0 ಇರಬೇಕು, ಕೊನೆಯ ‘ಮಂಜೂರು’ ಮಾತ್ರ 1. ಒಮ್ಮೆ 1 ಆದ ಕಾಗದ ಮತ್ತೆ 0ಕ್ಕೆ ಬರುವುದಿಲ್ಲ. ಮಧ್ಯದಲ್ಲಿ 1 ಹಾಕಿಟ್ಟರೆ ಮಾಲಕರು ವಾಪಸ್ ಕಳಿಸಲು ಹೋದಾಗ ದಾರಿಯೇ ಇರುವುದಿಲ್ಲ.

ಎರಡನೆಯದು ‘ಅಲೋ ಸೆಲ್ಫ್ ಅಪ್ರೂವಲ್’ ಎಂಬ ಟಿಕ್. ಹೊಸ ಸಾಲು ಸೇರಿಸಿದಾಗ ಅದು ಟಿಕ್ ಆಗಿಯೇ ಬರುತ್ತದೆ. ತೆಗೆಯದಿದ್ದರೆ, ಪಿಒ ಬರೆದವರಿಗೆ ಆ ರೋಲ್ ಕೂಡ ಇದ್ದಲ್ಲಿ ತಾವೇ ಬರೆದು ತಾವೇ ಮಂಜೂರು ಮಾಡಬಹುದು. ಪ್ರತಿ ಸಾಲಿನಲ್ಲೂ ತೆರೆದು ನೋಡಿ.

ಮೂರನೆಯದು ಷರತ್ತಿನ ನಡುವಿನ ಸಂದಿ. ಒಂದು ಸಾಲಿನಲ್ಲಿ ‘1 ಲಕ್ಷಕ್ಕಿಂತ ಕಡಿಮೆ’, ಇನ್ನೊಂದರಲ್ಲಿ ‘1 ಲಕ್ಷಕ್ಕಿಂತ ಹೆಚ್ಚು’ ಎಂದು ಬರೆದರೆ, ಸರಿಯಾಗಿ 1,00,000 ರೂಪಾಯಿಯ ಪಿಒ ಬಂದಾಗ ಯಾವ ಬಟನ್ನೂ ಕಾಣದೆ ಅಲ್ಲೇ ನಿಲ್ಲುತ್ತದೆ. ಒಂದು ಕಡೆ ‘ಅಥವಾ ಸಮ’ ಇರಲೇಬೇಕು.

ನಾಲ್ಕನೆಯದು, ಒಂದು ಬಗೆಯ ಕಾಗದಕ್ಕೆ ಒಂದು ಹೊತ್ತಿಗೆ ಒಂದೇ ವರ್ಕ್‌ಫ್ಲೋ ಚಾಲೂ ಇರುತ್ತದೆ. ಕಚ್ಚಾ ಮಾಲಿಗೊಂದು, ಬಿಡಿಭಾಗಕ್ಕೊಂದು ಬೇಕೆಂದರೆ ಎರಡು ವರ್ಕ್‌ಫ್ಲೋ ಮಾಡಲು ಹೋಗದೆ ಒಂದರಲ್ಲೇ ಷರತ್ತು ಹಾಕಬೇಕು.

ದೊಡ್ಡ ಕಾರ್ಖಾನೆಯಲ್ಲಿ ಎಸ್‌ಎಪಿ ಇದೆ. ಅಲ್ಲಿ ಹೇಗೆ?

ಈ ಸಾಫ್ಟ್‌ವೇರಿನಲ್ಲಿ ಮಂಜೂರಾತಿಗೆ ‘ರಿಲೀಸ್’, ಅಂದರೆ ಬಿಡುಗಡೆ, ಎಂಬ ಮಾತು. ಹಳೆಯ ಕ್ರಮಕ್ಕೆ ರಿಲೀಸ್ ಸ್ಟ್ರ್ಯಾಟಜಿ ಎನ್ನುತ್ತಾರೆ. ಮೊತ್ತ, ಪ್ಲಾಂಟ್, ಪರ್ಚೇಸಿಂಗ್ ಗ್ರೂಪ್‌ನಂಥ ಲಕ್ಷಣಗಳನ್ನು ಒಂದು ಕ್ಲಾಸಿಗೆ ಸೇರಿಸಿ, ಅವು ಹೊಂದಿದಾಗ ಯಾವ ಯಾವ ಕೋಡ್‌ನವರು ಬಿಡುಗಡೆ ಮಾಡಬೇಕೆಂದು ಹೇಳಬೇಕು. ಒಂದು ಸ್ಟ್ರ್ಯಾಟಜಿಯಲ್ಲಿ 8 ರಿಲೀಸ್ ಕೋಡ್ ತನಕ ಹಾಕಲು ಬರುತ್ತದೆ. ಜಾಗ ಇದೆ ಎಂದು ಎಂಟೂ ತುಂಬಬೇಡಿ. ಇದಕ್ಕೆ ಪರದೆಯ ಕೋಡ್‌ಗಳಿವೆ: ಒಂದೊಂದೇ ಪಿಒ ಬಿಡುಗಡೆಗೆ ಎಂಇ29ಎನ್, ಒಟ್ಟಿಗೆ ಹಲವಕ್ಕೆ ಎಂಇ28, ಇಂಡೆಂಟಿಗೆ ಎಂಇ54ಎನ್. ಇಂಡೆಂಟನ್ನು ಸಾಲು ಸಾಲಾಗಿ ಬಿಡುಗಡೆ ಮಾಡಬಹುದು. ಪಿಒ ಮಾತ್ರ ಇಡಿಯಾಗಿಯೇ. ಮೊತ್ತಕ್ಕೆ ಹಿಡಿಯುವುದು ನಿವ್ವಳ ಮೌಲ್ಯ, ಅಂದರೆ ತೆರಿಗೆ ಬಿಟ್ಟು.

ಎಸ್‌ಎಪಿಯ ಹೊಸ ಆವೃತ್ತಿಯಾದ ಎಸ್/4ಹಾನಾದಲ್ಲಿ ಫ್ಲೆಕ್ಸಿಬಲ್ ವರ್ಕ್‌ಫ್ಲೋ ಇದೆ. ಹಂತ, ಷರತ್ತು, ಮಂಜೂರು ಮಾಡುವವರನ್ನು ಒಂದೇ ಆ್ಯಪ್‌ನಲ್ಲಿ ಜೋಡಿಸಬಹುದು. ಹೊಸದಾಗಿ ಶುರು ಮಾಡುವವರು ಇದನ್ನೇ ಹಿಡಿಯುವುದು ಒಳ್ಳೆಯದು.

ಬಿಸಿನೆಸ್ ಸೆಂಟ್ರಲ್?

ಮೈಕ್ರೋಸಾಫ್ಟಿನ ಈ ಸಾಫ್ಟ್‌ವೇರಿನಲ್ಲಿ ‘ಅಪ್ರೂವಲ್ ಯೂಸರ್ ಸೆಟಪ್’ ಮೊದಲು ತುಂಬಬೇಕು: ಯಾರ ಮೇಲೆ ಯಾರು, ಅವರ ಖರೀದಿ ಮಿತಿ ಎಷ್ಟು, ಅವರಿಲ್ಲದಾಗ ಬದಲಿ ಯಾರು. ಆಮೇಲೆ ಪರ್ಚೇಸ್ ಆರ್ಡರ್ ಅಪ್ರೂವಲ್‌ನ ಸಿದ್ಧ ಮಾದರಿಯಿಂದ ವರ್ಕ್‌ಫ್ಲೋ ಮಾಡಿ ಚಾಲೂ ಮಾಡುವುದು. ಅದರಲ್ಲಿ ಒಂದು ಆಯ್ಕೆ ಗಮನಿಸಿ. ‘ಅಪ್ರೂವರ್ ಚೈನ್’ ಎಂದರೆ ಮಿತಿ ಸಾಲುವವರು ಸಿಗುವ ತನಕ ಮಧ್ಯದ ಎಲ್ಲರೂ ಒಬ್ಬರಾದ ಮೇಲೊಬ್ಬರು ಸಹಿ ಮಾಡಬೇಕು. ‘ಫಸ್ಟ್ ಕ್ವಾಲಿಫೈಡ್ ಅಪ್ರೂವರ್’ ಎಂದರೆ ಮಿತಿ ಸಾಲುವವರಿಗೆ ನೇರ ಹೋಗುತ್ತದೆ. ಹಂತ ಕಡಿಮೆ ಬೇಕೆಂದವರು ಎರಡನೆಯದನ್ನು ಆರಿಸಲಿ.

ನಮ್ಮದು ಟ್ಯಾಲಿ ಅಷ್ಟ ಐತ್ರೀ.

ಸಣ್ಣ ಆಫೀಸಿಗೆ ಒಂದು ಸರಳ ರೂಢಿ ಇದೆ. ಬರೆಯುವವರು ವೋಚರನ್ನು ‘ಆಪ್ಷನಲ್’ ಎಂದು ಉಳಿಸುತ್ತಾರೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಹಿರಿಯರು ನೋಡಿ ಅದನ್ನು ರೆಗ್ಯುಲರ್ ಮಾಡುತ್ತಾರೆ. ಹೊಂದಾಣಿಕೆಯ ಮೇಲೆ ನಡೆಯುವ ವ್ಯವಸ್ಥೆ ಇದು, ಮೊತ್ತದ ಮಿತಿ ನೋಡಿ ಕೀಲಿ ಹಾಕುವಂಥದ್ದಲ್ಲ. ಯೂಸರ್ ಬೇರೆ ಬೇರೆ ಮಾಡಿ, ಯಾರಿಗೆ ಏನು ತೆರೆಯಬೇಕೋ ಅಷ್ಟೇ ತೆರೆಯಿರಿ.

ಪಿಒ ಅಪ್ರೂವ್ ಆದ ಮ್ಯಾಲ ಪರ್ಚೇಸಿನವರು ಕ್ವಾಂಟಿಟಿ ಬದಲಿ ಮಾಡಿದ್ರ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದವರು ಬಹಳ. ನಾನು ಕಂಡ ಒಂದು ಕಡೆ ಅಚ್ಚಿನ ಮರಳಿಗೆ ಅಂಟಾಗಿ ಹಾಕುವ ಎರಡು ಡ್ರಮ್ ಫ್ಯೂರಾನ್ ರೆಸಿನ್‌ಗೆ ಮಂಜೂರಾತಿ ಆಗಿತ್ತು. ಮರುದಿನ ಪಾರ್ಟಿಯವರು ‘ಹತ್ತು ಡ್ರಮ್ ತಗೊಳ್ರಿ, ಕಿಲೋಕ್ಕ ಮೂರು ರೂಪಾಯಿ ಬಿಡ್ತೀನಿ’ ಎಂದರು. ಪರ್ಚೇಸಿನ ಹುಡುಗ ಕಂಪನಿಗೆ ಲಾಭವೆಂದೇ ಎಣಿಸಿ 2 ಇದ್ದದ್ದನ್ನು 10 ಮಾಡಿದ. ಮೊದಲು ಬಿದ್ದ ಮಂಜೂರಾತಿ ಹಾಗೇ ಉಳಿಯಿತು, ಯಾರಿಗೂ ಮತ್ತೆ ಹೋಗಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಶೆಡ್ಡಿನಲ್ಲಿ ನಿಂತ ಡ್ರಮ್‌ಗಳ ರೆಸಿನ್ ದಪ್ಪಗಾಗುತ್ತ ಹೋಯಿತು. ಕೊನೆಯ ಡ್ರಮ್ ತೆರೆದಾಗ ಪಂಪಿನಲ್ಲಿ ಏರಲಿಲ್ಲ. ಹುಡುಗನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ತಪ್ಪಿದ್ದು ವ್ಯವಸ್ಥೆ.

ನಿಯಮ ಹೀಗಿರಲಿ: ಪ್ರಮಾಣ, ದರ, ಪಾರ್ಟಿ, ಹಣ ಕೊಡುವ ಕರಾರು ಇವುಗಳಲ್ಲಿ ಯಾವುದು ನಮ್ಮ ಹೊರೆ ಹೆಚ್ಚಿಸಿದರೂ ಮಂಜೂರಾತಿ ಬಿದ್ದುಹೋಗಿ ಮತ್ತೆ ಮೊದಲಿಂದ ನಡೆಯಬೇಕು. ಮಾಲು ಬರುವ ತಾರೀಖು ಎರಡು ದಿನ ಆಚೆಗಾದರೆ, ಕಾಗುಣಿತ ತಿದ್ದಿದರೆ, ಪ್ರಮಾಣ ಕಡಿಮೆ ಮಾಡಿದರೆ ಬೇಡ. ಎಸ್‌ಎಪಿಯಲ್ಲಿ ಇದನ್ನು ರಿಲೀಸ್ ಇಂಡಿಕೇಟರ್‌ನ ಬದಲಾವಣೆ ಆಯ್ಕೆಯಲ್ಲಿ ಹೇಳಬೇಕು. ಶೇಕಡಾ ಇಷ್ಟರವರೆಗೆ ಏರಿದರೆ ಬಿಡು ಎಂದು ಸಡಿಲವನ್ನೂ ಕೊಡಬಹುದು. ಬಿಸಿನೆಸ್ ಸೆಂಟ್ರಲ್‌ನಲ್ಲಿ ರಿಲೀಸ್ ಆದ ಆರ್ಡರ್ ತಿದ್ದಬೇಕಾದರೆ ‘ರೀಓಪನ್’ ಮಾಡಲೇಬೇಕು. ಇಆರ್‌ಪಿನೆಕ್ಸ್ಟ್‌ನಲ್ಲಿ ಸಲ್ಲಿಸಿದ ಪಿಒ ಮೇಲೂ ‘ಅಪ್‌ಡೇಟ್ ಐಟಮ್ಸ್’ ಎಂಬ ಬಟನ್ ಇದೆ. ಪರ್ಚೇಸಿನವರ ಲಾಗಿನ್‌ನಿಂದ ಅದನ್ನು ಒತ್ತಿ, ಎಷ್ಟರವರೆಗೆ ಬಿಡುತ್ತದೆ ಎಂದು ನೀವೇ ನೋಡಿ.

ಒಂದು ಲಕ್ಷದ ಮಿತಿ ತಪ್ಪಿಸಲು ಪಿಒ ಒಡೆದು ಎರಡು ಮಾಡ್ತಾರೆ. ತಡೆಯೋದು ಹೇಗೆ?

ಅದೇ ಪಾರ್ಟಿ, ಅದೇ ಐಟಂ, ಏಳು ದಿನದೊಳಗೆ ಎರಡು ಪಿಒ, ಕೂಡಿಸಿದರೆ ಮಿತಿ ದಾಟುತ್ತದೆ. ಇಂಥವನ್ನು ಹೆಕ್ಕುವ ಒಂದು ರಿಪೋರ್ಟ್ ಮಾಡಿಸಿ, ಸೋಮವಾರಕ್ಕೊಮ್ಮೆ ಅಕೌಂಟ್ಸ್ ಮುಖ್ಯಸ್ಥರಿಗೆ ಹೋಗಲಿ. ಇಂಡೆಂಟಿಗೇ ಅಪ್ರೂವಲ್ ಗಟ್ಟಿ ಇದ್ದರೆ ಒಡೆಯುವ ಅವಕಾಶ ಅರ್ಧ ಕಡಿಮೆಯಾಗುತ್ತದೆ.

ಆದರೆ ಸಿಕ್ಕವರನ್ನು ಬೈಯುವ ಮೊದಲು ಅವರ ಎದುರು ಕೂತು ಕೇಳಿ. ಬಹಳ ಸಲ ಬರುವ ಉತ್ತರ: ‘ಸಾಹೇಬ್ರ ಕಡೆ ಹಾಕಿದ್ರ ಎಂಟು ದಿನ ಕೂಡ್ತೈತ್ರೀ, ಅಷ್ಟರಾಗ ಲೈನ್ ನಿಂದರ್ತೈತಿ.’ ಹಾಗಿದ್ದರೆ ಮೊದಲು ಸರಿ ಮಾಡಬೇಕಾದದ್ದು ಆ ಎಂಟು ದಿನವನ್ನು.

ಮಂಜೂರು ಮಾಡುವವರು ಊರಲ್ಲೇ ಇಲ್ಲದಿದ್ದರೆ?

ಇದರ ಪಾಠ ನನಗೆ ದುಬಾರಿ ಬಿದ್ದಿದೆ. ಒಂದು ಫೌಂಡ್ರಿಯಲ್ಲಿ ಇಂಡಕ್ಷನ್ ಫರ್ನೇಸಿನ ಒಳಗಿನ ಲೈನಿಂಗ್ ತೆಳುವಾಗಿತ್ತು, ಅದನ್ನು ಹೊಸದಾಗಿ ಹಾಕಲು ರ‍್ಯಾಮಿಂಗ್ ಮಾಸ್ ಬೇಕಿತ್ತು. ಗುರುವಾರ ಇಂಡೆಂಟ್ ಆಯಿತು, ಶುಕ್ರವಾರ ಪಿಒ ಪ್ಲಾಂಟ್ ಹೆಡ್ ಹತ್ತಿರ ಹೋಯಿತು. ಅವರು ತಂಗಿಯ ಮಗಳ ಮದುವೆಗೆ ಹೋಗಿದ್ದರು, ಫೋನ್ ಯಾರದೋ ಚೀಲದಲ್ಲಿತ್ತು. ನಾನು ಕೂಡಿಸಿಕೊಟ್ಟ ವ್ಯವಸ್ಥೆಯಲ್ಲಿ ಬದಲಿಯ ಜಾಗ ಖಾಲಿ ಬಿಟ್ಟಿದ್ದೆ. ಸೋಮವಾರ ಬೆಳಿಗ್ಗೆ ಹೋದಾಗ ಫರ್ನೇಸ್ ತಣ್ಣಗೆ ನಿಂತಿತ್ತು, ಮೋಲ್ಡಿಂಗಿನವರು ಬಾಕ್ಸ್ ತುಂಬಿಟ್ಟು ಕೈಕಟ್ಟಿ ಕೂತಿದ್ದರು. ತೆಳು ಲೈನಿಂಗ್ ಮೇಲೆ ಕರಗಿಸುವುದು ಜೀವಕ್ಕೆ ಅಪಾಯ, ಲೋಹ ಕಾಯಿಲ್ ತನಕ ಹೋಗಬಹುದು. ನಿಲ್ಲಿಸಿದ್ದು ಸರಿಯೇ. ಆದರೆ ನಿಲ್ಲುವ ಕಾರಣವೇ ಇರಬಾರದಿತ್ತು. ಅಂದಿನಿಂದ ಬದಲಿ ಹೆಸರಿಲ್ಲದೆ ಒಂದು ಹಂತವನ್ನೂ ನಾನು ಚಾಲೂ ಮಾಡುವುದಿಲ್ಲ.

ಬಿಸಿನೆಸ್ ಸೆಂಟ್ರಲ್‌ನಲ್ಲಿ 1, 2 ಅಥವಾ 5 ದಿನ ಕಾದು ತಾನೇ ಬದಲಿಯವರಿಗೆ ದಾಟಿಸುವ ಆಯ್ಕೆ ಇದೆ. ಎಸ್‌ಎಪಿಯ ಮೈ ಇನ್‌ಬಾಕ್ಸ್‌ನಲ್ಲಿ ರಜೆಗೆ ಮುಂಚೆಯೇ ಬದಲಿ ಹಾಕಬಹುದು. ಇಆರ್‌ಪಿನೆಕ್ಸ್ಟ್‌ನಲ್ಲಿ ಮಂಜೂರಾತಿ ರೋಲ್ ಮೇಲೆ ನಿಂತಿರುವುದರಿಂದ ಆ ರೋಲನ್ನು ಇಬ್ಬರಿಗೆ ಕೊಟ್ಟರಾಯಿತು, ಇಬ್ಬರಲ್ಲಿ ಯಾರು ಮಾಡಿದರೂ ನಡೆಯುತ್ತದೆ. ಬೆಳಗಾವಿಯ ಗಣೇಶ ಹಬ್ಬದ ಹನ್ನೊಂದು ದಿನ, ಸವದತ್ತಿ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳು, ಮದುವೆಯ ಮುಹೂರ್ತ ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ನೋಡಿ ಮೊದಲೇ ಬದಲಿ ಹೆಸರು ಹಾಕಿಡಿ.

ರಾತ್ರಿ ಪಾಳಿಯಲ್ಲಿ ತುರ್ತು ಬಂದರೆ?

ತುರ್ತಿಗೆ ಬೇರೆ ದಾರಿ ಇರಲೇಬೇಕು, ಇಲ್ಲದಿದ್ದರೆ ಜನ ಕಳ್ಳದಾರಿ ಮಾಡಿಕೊಳ್ಳುತ್ತಾರೆ. ‘ತುರ್ತು’ ಎಂಬ ಬೇರೆ ಬಗೆಯ ಪಿಒ, ಪಾಳಿಯ ಇನ್‌ಚಾರ್ಜ್ ಒಬ್ಬರ ಸಹಿ, ಸಣ್ಣ ಮಿತಿ, ಕಾರಣ ಬರೆಯದೆ ಮುಂದೆ ಹೋಗದಂಥ ಒಂದು ಜಾಗ. ಮರುದಿನ ಪೂರ್ತಿ ಮಂಜೂರಾತಿ. ತಿಂಗಳ ಕೊನೆಗೆ ತುರ್ತು ಪಿಒಗಳನ್ನು ಎಣಿಸಿ. ಒಂದೇ ಐಟಂ ಮೂರು ಸಲ ತುರ್ತಾಗಿದ್ದರೆ ಅದರ ಕನಿಷ್ಠ ಸ್ಟಾಕ್ ತಪ್ಪಿದೆ ಎಂದರ್ಥ.

ನಮ್ಮ ಸಾವಕಾರ್ರಿಗೆ ಕಂಪ್ಯೂಟರ್ ಬರೂದಿಲ್ಲ. ಅವರ ಪಾಸ್‌ವರ್ಡ್ ನನ್ನ ಹತ್ರಾನ ಐತಿ. ಏನಾರ ತ್ರಾಸ ಆಗ್ತೈತೇನು?

ಆಗುತ್ತದೆ, ಮೊದಲು ನಿಮಗೇ. ನಾಳೆ ಯಾವುದೋ ಪಿಒ ಬಗ್ಗೆ ಪ್ರಶ್ನೆ ಎದ್ದರೆ ‘ಸಾವಕಾರ್ರು ಹೇಳಿದ್ದಕ್ಕ ಒತ್ತಿದೆ’ ಎಂದು ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ದಯವಿಟ್ಟು ಇವತ್ತೇ ಆ ಪಾಸ್‌ವರ್ಡ್ ಅವರಿಗೆ ವಾಪಸ್ ಕೊಟ್ಟು ಬದಲಾಯಿಸಲು ಹೇಳಿ.

ಅವರಿಗೆ ಬರುವುದಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದೂ ಇಲ್ಲ. ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರಿಗೆ ಫೋನಿನಲ್ಲಿ ಕೂಡಿಸಿಕೊಟ್ಟೆ. ಪರದೆ ಮೇಲೆ ಐದೇ ಸಾಲು: ಏನು, ಎಷ್ಟು, ಯಾರಿಂದ, ಈಗಿನ ದರ, ಹಿಂದಿನ ದರ. ಅಕ್ಷರ ದೊಡ್ಡದು. ಕನ್ನಡಕ ಹಣೆಗೇರಿಸಿ ಒಂದು ನಿಮಿಷ ನೋಡಿ, ‘ಹೋದ ಸಲಕ್ಕಿಂತ ಎರಡು ರೂಪಾಯಿ ಯಾಕ ಜಾಸ್ತಿ?’ ಎಂದರು. ಮೂರು ವರ್ಷದಿಂದ ಅವರ ಹೆಸರಿನಲ್ಲಿ ಬಟನ್ ಒತ್ತುತ್ತಿದ್ದವರು ಆ ಪ್ರಶ್ನೆ ಒಮ್ಮೆಯೂ ಕೇಳಿರಲಿಲ್ಲ.

ಕಬ್ಬು, ಒಣದ್ರಾಕ್ಷಿ, ಸ್ಕ್ರ್ಯಾಪ್: ದರ ದಿನಾ ಬದಲಾಗುವ ಮಾಲಿಗೆ ಹೇಗೆ?

ಕಬ್ಬನ್ನು ಇದರಲ್ಲಿ ತರಬೇಡಿ. ಅದು ಪಿಒ ಮೇಲೆ ಬರುವ ಮಾಲಲ್ಲ. ರೈತರ ನೋಂದಣಿ, ಕಟಾವಿನ ಸರದಿ, ಕಾಟಾದ ತೂಕ, ಕೇಂದ್ರ ಗೊತ್ತುಮಾಡುವ ಕಬ್ಬಿನ ಕನಿಷ್ಠ ದರವಾದ ಎಫ್‌ಆರ್‌ಪಿ ಇವುಗಳ ಮೇಲೆ ನಡೆಯುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ. ರೈತರ ಹಣಕ್ಕೆ ನಾಲ್ಕು ಹಂತದ ಬಿಲ್ ಅಪ್ರೂವಲ್ ಹಾಕಿ ಆ 14 ದಿನ ತಿನ್ನಬೇಡಿ. ತೂಕದ ಕಾಟಾ ನೇರವಾಗಿ ಸಾಫ್ಟ್‌ವೇರಿಗೆ ಜೋಡಿಸಿ, ಯಾರೂ ಕೈಯಿಂದ ತೂಕ ಬರೆಯದಂತೆ ಮಾಡಿದರೆ ಅರ್ಧ ಚಿಂತೆ ಹೋಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಪಿಒ ವರ್ಕ್‌ಫ್ಲೋ ಬೇಕಾಗುವುದು ಸುಣ್ಣ, ಗಂಧಕ, ಚೀಲ ಮತ್ತು ಮಿಲ್ಲಿನ ಬಿಡಿಭಾಗಗಳಿಗೆ. ನುರಿಸುವಿಕೆ ನಿಂತ ಮೇಲೆ ಓವರ್‌ಹಾಲಿಂಗ್ ತಿಂಗಳುಗಳಲ್ಲಿ ಅವುಗಳ ಇಂಡೆಂಟು ರಾಶಿ ಬೀಳುತ್ತದೆ.

ಒಣದ್ರಾಕ್ಷಿ, ಸ್ಕ್ರ್ಯಾಪಿಗೆ ಒಂದೊಂದು ಗಾಡಿಗೂ ಮಂಜೂರಾತಿ ಕೇಳುತ್ತ ಕೂತರೆ ಮಾಲು ಬೇರೆಯವರ ಪಾಲಾಗುತ್ತದೆ. ಈ ವಾರ ಇಂಥ ದರ್ಜೆಗೆ ಇಷ್ಟರಿಂದ ಇಷ್ಟರವರೆಗೆ, ಒಟ್ಟು ಇಷ್ಟು ಟನ್ ಎಂದು ದರದ ಪಟ್ಟಿಗೇ ಮಂಜೂರಾತಿ ತೆಗೆದುಕೊಳ್ಳಿ. ಅದರೊಳಗೆ ಖರೀದಿದಾರರು ಸ್ವತಂತ್ರರು. ದಾಟಿದರೆ ಮಾತ್ರ ಕೀಲಿ ಬೀಳಲಿ.

ಬಿಲ್ಲಿಗೂ ಅಪ್ರೂವಲ್ ಬೇಕಾ? ಅದರಿಂದ ಪೇಮೆಂಟ್ ತಡ ಆಗ್ತದಲ್ಲ?

ಪಿಒ, ಜಿಆರ್‌ಎನ್ (ಮಾಲು ಬಂದದ್ದರ ರಶೀದಿ), ಬಿಲ್ ಮೂರೂ ತಾಳೆಯಾದರೆ ಯಾರ ಸಹಿಯೂ ಬೇಡ, ನೇರ ಪಾಸ್ ಆಗಲಿ. ತಾಳೆಯಾಗದ್ದು ಮಾತ್ರ ಮನುಷ್ಯರ ಹತ್ತಿರ ಬರಲಿ. ತೂಕದಲ್ಲಿ ಸಣ್ಣ ವ್ಯತ್ಯಾಸ ಬರುವ ಮಾಲಿಗೆ ಸ್ವಲ್ಪ ಸಡಿಲ ಇಡಿ.

ತಡದ ಮಾತಿಗೆ ಕಾನೂನೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ, ಕರಾರು ಇದ್ದರೂ 45 ದಿನ ಮೀರುವಂತಿಲ್ಲ. ಲಿಖಿತ ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಣಿಕೆ ಶುರುವಾಗುವುದು ಮಾಲು ಬಂದ ದಿನದಿಂದ, ಬಿಲ್ ಪಾಸಾದ ದಿನದಿಂದಲ್ಲ. ಮಾಲಿನಲ್ಲಿ ತಕರಾರು ಇದ್ದರೆ 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ ಹೀಗೆ ತಡಮಾಡಿದ ಮೊತ್ತವನ್ನು, ಕೊಟ್ಟ ವರ್ಷಕ್ಕೆ ಮಾತ್ರ ಖರ್ಚೆಂದು ತೋರಿಸಲು ಬರುತ್ತದೆ. ಉದ್ಯಮಬಾಗದಲ್ಲಿ ನಮ್ಮ ಮಷೀನಿಂಗ್, ಪ್ಯಾಟರ್ನ್ ಮಾಡಿಕೊಡುವವರಲ್ಲಿ ಬಹಳ ಜನ ಇಂಥ ಸಣ್ಣವರೇ. ಪಾರ್ಟಿ ಮಾಸ್ಟರಿನಲ್ಲಿ ಅವರಿಗೆ ಗುರುತು ಹಾಕಿ, 30ನೇ ದಿನಕ್ಕೆ ಎಚ್ಚರಿಕೆ ಬರುವಂತೆ ಮಾಡಿ. ಅವರ ಶನಿವಾರದ ಪಗಾರ ಆ ಹಣದ ಮೇಲೆ ನಿಂತಿರುತ್ತದೆ.

ಪಿಒ ಬಿಟ್ಟು ಇನ್ನೇನಕ್ಕೆ ಅಪ್ರೂವಲ್ ಹಾಕಬೇಕು?

ಪಾರ್ಟಿಯ ಬ್ಯಾಂಕ್ ಖಾತೆ ಬದಲಾವಣೆಗೆ. ‘ನಮ್ಮ ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂತೆಂದು ಒಬ್ಬರೇ ತಿದ್ದಿ, ಅವರೇ ಪೇಮೆಂಟ್ ಹಾಕುವಂತಿರಬಾರದು. ಹಳೆಯ ನಂಬರಿಗೆ ಫೋನ್ ಮಾಡಿ ಕೇಳಿ, ಇನ್ನೊಬ್ಬರು ಮಂಜೂರು ಮಾಡಬೇಕು.

ಎಡಿಟ್ ಲಾಗ್ ಕಡ್ಡಾಯ ಅಂತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಏನು?

ಕಂಪನಿಯಾಗಿ ನೋಂದಾಯಿಸಿದವರು ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ತಾನಾಗಿ ಉಳಿಯಬೇಕು, ಅದನ್ನು ಬಂದ್ ಮಾಡಲು ಬರಬಾರದು. 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಇದು ಏನು ತಿದ್ದಿದಿರಿ ಎಂಬುದನ್ನು ಹೇಳುತ್ತದೆ, ಅಪ್ರೂವಲ್ ಯಾರು ಒಪ್ಪಿದರು ಎಂಬುದನ್ನು ಹೇಳುತ್ತದೆ. ಆಡಿಟರ್ ಎರಡನ್ನೂ ಒಟ್ಟಿಗಿಟ್ಟು ನೋಡುತ್ತಾರೆ. ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೆಲಸ ಮಾಡಿದರೆ ಎರಡೂ ವ್ಯರ್ಥ.

ವಾಪಸ್ ಕಳಿಸಿದಾಗ ಕಾರಣ ಬರೆಯಲೇಬೇಕಾ?

ಬರೆಯಲೇಬೇಕು, ಕನ್ನಡದಲ್ಲೇ ಬರೆಯಿರಿ. ‘ಸ್ಟಾಕ್ ಇದೆ, ಮೇಲಿನ ರ‍್ಯಾಕ್ ನೋಡಿ’ ಎಂದರೆ ಮುಂದಿನ ಸಲ ಅವರು ನೋಡುತ್ತಾರೆ. ಬರೀ ‘ರಿಜೆಕ್ಟ್’ ಎಂದರೆ ಮತ್ತೆ ಅದನ್ನೇ ಕಳಿಸುತ್ತಾರೆ.

ಚಾಲೂ ಮಾಡುವ ಮೊದಲು ಏನೇನು ಪರೀಕ್ಷೆ ಮಾಡಬೇಕು?

ಟೆಸ್ಟ್ ಸರ್ವರ್‌ನಲ್ಲಿ, ನಿಜವಾದ ಜನರ ಲಾಗಿನ್‌ನಿಂದ. ಅಡ್ಮಿನ್ ಲಾಗಿನ್‌ನಿಂದ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ, ಅವರಿಗೆ ಎಲ್ಲವೂ ತೆರೆಯುತ್ತದೆ. ಮಿತಿಗೆ ಒಂದು ರೂಪಾಯಿ ಕಡಿಮೆ, ಸರಿಯಾಗಿ ಮಿತಿಯಷ್ಟು, ಒಂದು ರೂಪಾಯಿ ಹೆಚ್ಚು: ಮೂರು ಪಿಒ ಹಾಕಿ ನೋಡಿ. ಬರೆದವರೇ ಮಂಜೂರು ಮಾಡಲು ಯತ್ನಿಸಲಿ. ಮಂಜೂರಾದದ್ದನ್ನು ತಿದ್ದಿ, ವಾಪಸ್ ಕಳಿಸಿ, ಮತ್ತೆ ಕಳಿಸಿ. ಪ್ಲಾಂಟ್ ಹೆಡ್ ಒಂದು ದಿನ ಫೋನ್ ಮುಟ್ಟದಿರಲಿ, ಬದಲಿಯವರಿಗೆ ಹೋಗುತ್ತದೋ ನೋಡಿ. ಮಾಲಕರ ಫೋನಿನಲ್ಲಿ, ಅವರು ಕೂರುವ ಜಾಗದಲ್ಲೇ, ಅವರದೇ ನೆಟ್‌ವರ್ಕಿನಲ್ಲಿ ತೆರೆದು ನೋಡಿ.

ಸಕ್ಕರೆ ಕಾರ್ಖಾನೆಯಾದರೆ ಅಕ್ಟೋಬರ್–ನವೆಂಬರಿನಲ್ಲಿ ನುರಿಸುವಿಕೆ ಶುರುವಾಗುವ ಹೊತ್ತಿಗೆ ಚಾಲೂ ಮಾಡಲು ಹೋಗಬೇಡಿ. ಮಳೆಗಾಲದಲ್ಲೇ ಮುಗಿಸಿ. ಮೊದಲ ಎರಡು ವಾರ ನಾನು ಸ್ಟೋರ್ಸ್ ಕೌಂಟರಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಅಲ್ಲೇ ಎಲ್ಲ ತೊಡಕು ಕಾಣುವುದು. ಇನ್ನೊಂದು ಮಾತು: ಚಾಲೂ ಮಾಡಿದ ದಿನವೇ ಹಳೆಯ ಇಂಡೆಂಟ್ ಬುಕ್ಕನ್ನು ಕೌಂಟರಿನಿಂದ ತೆಗೆದು ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿ. ಅದು ಕಣ್ಣಿಗೆ ಕಾಣುವವರೆಗೆ ಜನ ಅದರಲ್ಲೇ ಬರೆಯುತ್ತಾರೆ.